ಕಂಪನಿಗೆ ಯಾಕೆ ಈ ಹಳದಿ ನಗು?

ಸಾಲದ ಕಂತು ಕಟ್ಟಲು ಎರಡೇ ದಿನ ಬಾಕಿ ಎಂದು ಹಣಕಾಸು ಸಂಸ್ಥೆಯೊಂದು ಸಂದೇಶ ಕಳಿಸುತ್ತದೆ. ಕೊನೆಯಲ್ಲಿ ನಗುವ ಹಳದಿ ಮುಖ. ವಿಮೆಯ ಕ್ಲೇಮು ತಿರಸ್ಕೃತವಾಗಿದೆ ಎಂಬ ಒಕ್ಕಣೆಯ ಪಕ್ಕದಲ್ಲಿ ಜೋಡಿಸಿದ ಕೈಗಳು. ಊಟ ತಂದುಕೊಡುವ ಆ್ಯಪು ರಾತ್ರಿ ಹನ್ನೊಂದಕ್ಕೆ ಹೃದಯ, ಬೆಂಕಿ, ನಾಲಿಗೆ ಚಾಚಿದ ಮುಖ ಮೂರನ್ನೂ ಒಟ್ಟಿಗೆ ಎಸೆದು ಬಿರಿಯಾನಿಯನ್ನು ನೆನಪಿಸುತ್ತದೆ. ಇದನ್ನೆಲ್ಲ ಕಳಿಸುವವರಿಗೆ ಯಾರೋ ಹೇಳಿಕೊಟ್ಟಿದ್ದಾರೆ: ಎಮೋಜಿ ಹಾಕಿ, ಗ್ರಾಹಕ ಹತ್ತಿರವಾಗುತ್ತಾನೆ. ಡಿಜಿಟಲ್ ಮಾರ್ಕೆಟಿಂಗಿನ ಯಾವ ತರಗತಿಯಲ್ಲಿ ಕೂತರೂ ಈ ಪಾಠ ತಪ್ಪುವುದಿಲ್ಲ. ಎಮೋಜಿ ಇಡೀ ಜಗತ್ತಿಗೆ ತಿಳಿಯುವ ಭಾಷೆಯಂತೆ, ಅನುವಾದ ಬೇಡವಂತೆ, ಓದು ಬಾರದವರನ್ನೂ ಮುಟ್ಟುತ್ತದಂತೆ, ಒಣ ವ್ಯವಹಾರಕ್ಕೆ ಮನುಷ್ಯನ ಮುಖ ಕೊಡುತ್ತದಂತೆ, ಅಂಕಿ-ಅಂಶಗಳೂ ಅದನ್ನೇ ಹೇಳುತ್ತವಂತೆ. ಈ ಐದು ಮಾತುಗಳಲ್ಲಿ ಒಂದೂ ಗಟ್ಟಿಯಾಗಿ ತಟ್ಟಿ ನೋಡಿದರೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಹಾಗೆಂದು, ಎಮೋಜಿಯಿಂದ ಕನ್ನಡ ಕೆಟ್ಟೇಹೋಯಿತು ಎಂದು ಗೋಳಾಡುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಟೆಲಿಗ್ರಾಂ ಬಂದಾಗ ಕೆಡದ ಭಾಷೆ ಇದರಿಂದ ಕೆಡುವುದಿಲ್ಲ. ಶಿವಮೊಗ್ಗದ ಅಜ್ಜಿ ಪರವೂರಿನ ಹಾಸ್ಟೆಲಿನಲ್ಲಿರುವ ಮೊಮ್ಮಗಳಿಗೆ ಬೆಳಿಗ್ಗೆ ಎದ್ದು ಒಂದು ಸೂರ್ಯಕಾಂತಿ ಕಳಿಸಿದರೆ, ಅದಕ್ಕೆ ಮೊಮ್ಮಗಳು ನಾಲ್ಕು ಹೃದಯ ತಿರುಗಿಸಿದರೆ, ಅಲ್ಲಿ ಯಾವ ಭಾಷಾಶಾಸ್ತ್ರಜ್ಞನಿಗೂ ಕೆಲಸವಿಲ್ಲ. ಅಲ್ಲಿ ಸೂರ್ಯಕಾಂತಿಗೆ ಅರ್ಥ ಬರುವುದು ಇಬ್ಬರ ನಡುವೆ ಹದಿನೆಂಟು ವರ್ಷ ನಡೆದ ಒಡನಾಟದಿಂದ. ‘ಎದ್ಯಾ? ತಿಂಡಿ ಆಯ್ತಾ?’ ಎಂಬುದೆಲ್ಲ ಅದರೊಳಗೆ ಅಡಗಿರುತ್ತದೆ. ಒಡನಾಟವೇ ಇಲ್ಲದ ಕಡೆಯಿಂದ ಅದೇ ಹೂವು ಬಂದರೆ? ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಹೆಗಲ ಮೇಲೆ ಕೈ ಹಾಕಿದಂತಾಗುತ್ತದೆ. ನನ್ನ ತಕರಾರು ಈ ಕೈಯ ಬಗ್ಗೆ.

ಈ ಹಳದಿ ಮುಖದ ವಂಶಾವಳಿಯನ್ನು ಮಾರಾಟದ ಮಂದಿ ಸಾಮಾನ್ಯವಾಗಿ ಜಪಾನಿನಿಂದ ಶುರುಮಾಡುತ್ತಾರೆ. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಯ ಐ-ಮೋಡ್ ಸೇವೆಗಾಗಿ ಶಿಗೆತಾಕ ಕುರಿಟಾ ಎಂಬುವರು 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ಉದ್ದ ಹನ್ನೆರಡು ಚುಕ್ಕಿ, ಅಗಲ ಹನ್ನೆರಡು ಚುಕ್ಕಿ, ಅಷ್ಟರಲ್ಲೇ ಮಳೆ, ಮೋಡ, ರೈಲು, ಹೃದಯ. ಪುಟ್ಟ ಪರದೆಯಲ್ಲಿ ಹವಾಮಾನವನ್ನೂ ಸಂಚಾರದ ಸುದ್ದಿಯನ್ನೂ ಕಡಿಮೆ ಜಾಗದಲ್ಲಿ ಹೇಳಬೇಕಿತ್ತು, ಹೇಳಿದರು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 2016ರಲ್ಲಿ ಆ ಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಗೌರವದ ಕತೆ, ನಿಜ. ಆದರೆ ನಗುವ ಹಳದಿ ಮುಖದ ಅಸಲು ತಾತ ಬೇರೆ ಇದ್ದಾನೆ. 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನ ವಿಮಾ ಕಂಪನಿಯೊಂದು ಇನ್ನೊಂದರ ಜೊತೆ ವಿಲೀನವಾಗಿ, ನೌಕರರ ಮುಖ ಬಾಡಿತ್ತು. ಅವರನ್ನು ಹುರಿದುಂಬಿಸಲು ಹಾರ್ವಿ ಬಾಲ್ ಎಂಬ ಕಲಾವಿದನಿಂದ ಒಂದು ನಗುವ ಮುಖ ಬರೆಸಿದರು. ಕೊಟ್ಟ ಸಂಭಾವನೆ 45 ಡಾಲರ್. ಮುಖವನ್ನು ಬಿಲ್ಲೆ ಮಾಡಿಸಿ ಹಂಚಿದರು. ನೌಕರರ ಸಂಕಟವನ್ನು ಕೇಳಿಸಿಕೊಳ್ಳುವ ಬದಲು ಎದೆಗೊಂದು ನಗು ಚುಚ್ಚಿ ಕಳಿಸುವ ಉಪಾಯ ಅದು. ಇಂದು ಕಂತಿನ ಸಂದೇಶದ ಕೊನೆಯಲ್ಲಿ ಕೂತಿರುವ ನಗು ಜಪಾನಿನ ಮೋಡದ ಮೊಮ್ಮಗನಲ್ಲ, ಈ ವಿಮಾ ಕಂಪನಿಯ ಬಿಲ್ಲೆಯ ಮೊಮ್ಮಗ.

ಇನ್ನು ಜಗತ್ತಿಗೆಲ್ಲ ತಿಳಿಯುವ ಭಾಷೆ ಎಂಬ ಮಾತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು: ಒಂದೇ ಎಮೋಜಿಯನ್ನು ನೋಡಿದ ಇಬ್ಬರು ಅದರ ಭಾವವನ್ನು ಒಂದೇ ರೀತಿ ಓದುತ್ತಾರೆಯೇ? ಅಚ್ಚು ಒಂದೇ ಆಗಿದ್ದಾಗಲೂ, ಅದು ಒಳ್ಳೆಯ ಭಾವವೋ ಕೆಟ್ಟದ್ದೋ ಎರಡೂ ಅಲ್ಲದ್ದೋ ಎಂಬುದರಲ್ಲೇ ಸುಮಾರು ನಾಲ್ಕರಲ್ಲಿ ಒಂದು ಸಲ ಜನ ಒಮ್ಮತಕ್ಕೆ ಬರಲಿಲ್ಲ. ಹಲ್ಲು ಬಿಟ್ಟ ಮುಖವೊಂದು ಒಂದು ಕಂಪನಿಯ ಫೋನಿನಲ್ಲಿ ಖುಷಿಯಾಗಿಯೂ ಇನ್ನೊಂದರಲ್ಲಿ ಹಲ್ಲು ಕಡಿಯುತ್ತಿರುವ ಹಾಗೂ ಕಾಣುತ್ತಿತ್ತು. ಕಳಿಸಿದವನು ಏನು ಕಳಿಸಿದೆ ಎಂದುಕೊಂಡನೋ ಅದು ಪಡೆದವನ ಪರದೆಯಲ್ಲಿ ಇಲ್ಲವೇ ಇಲ್ಲ. ಅದೇ ವರ್ಷ ಆಪಲ್ ತನ್ನ ಪಿಸ್ತೂಲಿನ ಎಮೋಜಿಯನ್ನು ಹಸಿರು ನೀರಿನ ಪಿಸ್ತೂಲಾಗಿ ಬದಲಿಸಿತು. ಉಳಿದವರು ಹಿಂಬಾಲಿಸುವವರೆಗೆ, ಒಂದು ಫೋನಿನ ಹೋಳಿ ಹಬ್ಬ ಇನ್ನೊಂದು ಫೋನಿನಲ್ಲಿ ಕೊಲೆಬೆದರಿಕೆಯಾಗಿ ಇಳಿಯಬಹುದಿತ್ತು. ಕಳಿಸಿದ ಮೇಲೆ ಅಂಚೆಯಣ್ಣ ಪತ್ರದ ಪದ ತಿದ್ದಿ ಕೊಡುವುದನ್ನು ನಾವು ಸಹಿಸುತ್ತಿದ್ದೆವೇ?

ಊರಿಗೆ ಬಂದರೆ ಇನ್ನೂ ಸ್ಪಷ್ಟ. ನಕ್ಕು ನಕ್ಕು ಕಣ್ಣೀರು ಬಂದ ಮುಖವನ್ನು ಆಕ್ಸ್‌ಫರ್ಡ್ ನಿಘಂಟಿನವರು 2015ರ ವರ್ಷದ ಪದವೆಂದು ಆರಿಸಿದರು. ನಮ್ಮ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ, ಕಣ್ಣೀರನ್ನಷ್ಟೇ ಕಂಡ ಹಿರಿಯರು ಅದೇ ಮುಖವನ್ನು ಒತ್ತಿಬಿಡುತ್ತಾರೆ. ಎಳೆಯರು ತಬ್ಬಿಬ್ಬಾಗುತ್ತಾರೆ. ತಪ್ಪು ಹಿರಿಯರದಲ್ಲ, ಸಾಸಿವೆಯಷ್ಟು ಚಿತ್ರದಲ್ಲಿ ನಗು ಮೇಲೋ ಕಣ್ಣೀರು ಮೇಲೋ ಎಂದು ಕನ್ನಡಕ ಹುಡುಕಿ ಓದುವವರು ಯಾರು? ಚೀನಾದಲ್ಲಿ ಎಳೆಯರ ನಡುವೆ ಸಾದಾ ಮುಗುಳ್ನಗೆಯ ಮುಖಕ್ಕೆ ತಿರಸ್ಕಾರದ ಛಾಯೆ ಬಂದಿದೆ, ಹಿರಿಯರಿಗೆ ಅದು ಇನ್ನೂ ನಗುವೇ. ಒಂದೇ ಮನೆಯ ಎರಡು ತಲೆಮಾರುಗಳ ನಡುವೆ ದಾಟಲಾರದ್ದು ಜಗತ್ತಿನ ಭಾಷೆ ಹೇಗಾದೀತು?

ಹೆಬ್ಬೆರಳಿನ ಕತೆ ನ್ಯಾಯಾಲಯದವರೆಗೆ ಹೋಗಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2021ರ ಮಾರ್ಚಿನಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ರೈತನಿಗೆ ಅಗಸೆ ಖರೀದಿಯ ಕರಾರಿನ ಫೋಟೊ ಕಳಿಸಿ, ಖಚಿತಪಡಿಸಿ ಎಂದಿತು. ರೈತ ಎತ್ತಿದ ಹೆಬ್ಬೆರಳನ್ನು ಒತ್ತಿದ. ಕರಾರಿನ ಬೆಲೆ ಬುಶೆಲ್‌ಗೆ 17 ಡಾಲರ್. ಮಾಲು ಕೊಡಬೇಕಾದ ನವೆಂಬರಿನಲ್ಲಿ ಪೇಟೆಯ ಬೆಲೆ 41. ಮಾಲು ಬರಲಿಲ್ಲ. ‘ಫೋಟೊ ಸಿಕ್ಕಿತು ಎಂದಷ್ಟೇ ನಾನು ಹೇಳಿದ್ದು’ ಎಂಬುದು ರೈತನ ವಾದ. 2023ರಲ್ಲಿ ನ್ಯಾಯಾಲಯ ಆ ಹೆಬ್ಬೆರಳು ಸಹಿಗೆ ಸಮ ಎಂದು ತೀರ್ಪಿತ್ತು, 82,000 ಡಾಲರಿಗೂ ಹೆಚ್ಚು ಪರಿಹಾರ ಕಟ್ಟಿಸಿತು. ಮೇಲಿನ ನ್ಯಾಯಾಲಯವೂ ಎತ್ತಿಹಿಡಿಯಿತು. ಇತ್ತ ನಮ್ಮ ದೇಶದಲ್ಲಿ, ರೈಲ್ವೆ ರಕ್ಷಣಾ ಪಡೆಯ ಪೇದೆಯೊಬ್ಬ ಅಧಿಕಾರಿಯ ಕೊಲೆಯ ಸುದ್ದಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದೇ ಹೆಬ್ಬೆರಳು ಹಾಕಿ ಕೆಲಸ ಕಳೆದುಕೊಂಡಿದ್ದ. ಕೊಲೆಯನ್ನು ಸಂಭ್ರಮಿಸಿದ ಎಂಬುದು ಇಲಾಖೆಯ ಆರೋಪ. ಮದ್ರಾಸ್ ಹೈಕೋರ್ಟ್ 2024ರಲ್ಲಿ ಅದನ್ನು ಒಪ್ಪಲಿಲ್ಲ. ನೋಡಿದ್ದೇನೆ ಎಂದು ತಿಳಿಸುವ ಗುರುತು ಅದು ಎಂದು ನೌಕರಿಗೆ ವಾಪಸು ಸೇರಿಸಿಕೊಳ್ಳುವ ಆದೇಶವನ್ನು ಎತ್ತಿಹಿಡಿಯಿತು. ಒಂದೇ ಬೆರಳು. ಅಲ್ಲಿ ‘ಒಪ್ಪಿದೆ’, ಇಲ್ಲಿ ‘ಕಂಡೆ’. ಎರಡೂ ತೀರ್ಪು ಅವುಗಳ ಸಂದರ್ಭಕ್ಕೆ ಸರಿಯೇ ಇರಬಹುದು. ಆದರೆ ರೈತ ಕಳೆದುಕೊಂಡದ್ದನ್ನು ನೋಡಿ. ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಸಾಹುಕಾರರ ಕತೆಗಳು ಹಳೆ ಮೈಸೂರಿನಿಂದ ಕಲ್ಯಾಣ ಕರ್ನಾಟಕದವರೆಗೆ ಎಲ್ಲ ಊರಿನಲ್ಲೂ ಇವೆ. ಒಪ್ಪಿಗೆಯನ್ನು ಸಲೀಸು ಮಾಡುವ ಗುರುತು ಯಾವತ್ತೂ ಕಾಗದ ಬರೆದವನ ಪರವಾಗಿಯೇ ಕೆಲಸ ಮಾಡಿದೆ.

ಹಾಗಾದರೆ ಚಿತ್ರಕ್ಕೆ ಮಾತಾಡುವ ಶಕ್ತಿಯೇ ಇಲ್ಲವೇ? ಧಾರಾಳವಾಗಿದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಅಕ್ಷರ ಬಾರದ ಕೋಟ್ಯಂತರ ಮತದಾರರಿಗೆ ಚುನಾವಣಾ ಆಯೋಗ ಕೊಟ್ಟದ್ದು ಚಿತ್ರಗಳನ್ನೇ. ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ಯಾರೂ ತಪ್ಪಾಗಿ ಓದುವುದಿಲ್ಲ. ಅವು ಕೆಲಸ ಮಾಡುವುದು ಮೂರು ಕಾರಣಕ್ಕೆ: ಒಂದು ಚಿತ್ರಕ್ಕೆ ಒಂದೇ ಅರ್ಥ, ಅದನ್ನು ಮೊದಲೇ ಸಾರಿದ್ದಾರೆ, ಸುಳ್ಳಾದರೆ ಹೊಣೆ ಯಾರದೆಂದು ಕಾನೂನಿನಲ್ಲಿ ಬರೆದಿದೆ. ಮಾರಾಟದ ಸಂದೇಶದ ಬೆಂಕಿ, ರಾಕೆಟ್ಟು, ಮಿಂಚುವ ನಕ್ಷತ್ರಗಳಿಗೆ ಈ ಮೂರೂ ಇಲ್ಲ. ‘ಉಚಿತ’ ಎಂದು ಬರೆದರೆ ಗ್ರಾಹಕರ ವೇದಿಕೆಯಲ್ಲಿ ಕೇಳಬಹುದು, ಉಡುಗೊರೆಯ ಪೆಟ್ಟಿಗೆಯ ಚಿತ್ರ ಹಾಕಿದರೆ ಏನೆಂದು ಕೇಳುತ್ತೀರಿ? ಷೆವ್ರೊಲೆ ಕಾರು ಕಂಪನಿ 2015ರಲ್ಲಿ ತನ್ನ ಕ್ರೂಜ್ ಕಾರಿನ ಪತ್ರಿಕಾ ಪ್ರಕಟಣೆಯನ್ನು ಪೂರ್ತಿ ಎಮೋಜಿಯಲ್ಲೇ ಹೊರಡಿಸಿತು. ಮರುದಿನ ಅದರ ಇಂಗ್ಲಿಷ್ ಅರ್ಥವನ್ನೂ ಹೊರಡಿಸಬೇಕಾಯಿತು. ಅನುವಾದ ಬೇಡದ ಭಾಷೆಗೆ ಅನುವಾದ!

ಆತ್ಮೀಯತೆಯ ವಾದಕ್ಕೆ ಬರೋಣ. 2017ರಲ್ಲಿ ಪ್ರಕಟವಾದ, ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನವೊಂದು, ಪರಿಚಯವಿಲ್ಲದವರಿಗೆ ಕಳಿಸುವ ಕಚೇರಿ ಪತ್ರಗಳಲ್ಲಿ ನಗುಮುಖ ಸೇರಿಸಿದರೆ ಆತ್ಮೀಯತೆ ಹೆಚ್ಚುವುದಿಲ್ಲ, ಬರೆದವರ ಸಾಮರ್ಥ್ಯದ ಮೇಲಿನ ನಂಬಿಕೆ ಮಾತ್ರ ಕುಗ್ಗುತ್ತದೆ ಎಂದು ಕಂಡುಕೊಂಡಿತು. ನಿಜವಾದ ನಗುಮುಖದ ಫೋಟೊಗೆ ಆ ತೊಂದರೆ ಇರಲಿಲ್ಲ. ನಮಗೆ ಇದು ಹೊಸ ಸುದ್ದಿಯೇನಲ್ಲ. ಕನ್ನಡದ ಅಂಗಡಿ ಬೀದಿಯಲ್ಲಿ ಆತ್ಮೀಯತೆಗೆ ವ್ಯಾಕರಣವಿದೆ. ಹುಬ್ಬಳ್ಳಿಯಲ್ಲಿ ‘ಬರ್ರಿ ಅಕ್ಕಾರ, ಏನ್ ಕೊಡ್ಲಿ?’, ಮೈಸೂರಿನಲ್ಲಿ ‘ಬನ್ನಿ ಅಮ್ಮಾವ್ರೇ’, ಮಂಗಳೂರಿನಲ್ಲಿ ‘ಎಂತ ಬೇಕು ಮಾರಾಯ್ರೆ’. ವಯಸ್ಸು, ಸಲಿಗೆ, ಗೌರವ ಎಲ್ಲವನ್ನೂ ಅರೆಕ್ಷಣದಲ್ಲಿ ಅಳೆದು ನೀನು, ನೀವು, ತಾವುಗಳಲ್ಲಿ ಒಂದನ್ನು ಆರಿಸುವ ಜಾಣತನ ಅದು. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಸಾಲ ಇಲ್ಲ ಎಂಬ ಕಠಿಣ ಮಾತನ್ನು ನಗಿಸಿಕೊಂಡೇ ಹೇಳುತ್ತದೆ. ಅದನ್ನು ಬರೆಸಿದವನು ಹಲಗೆಯ ಹಿಂದೆಯೇ ಕೂತಿರುತ್ತಾನೆ, ಬೇಕಾದರೆ ಜಗಳ ಆಡಬಹುದು. ಎಮೋಜಿಗೆ ಏಕವಚನ ಬಹುವಚನವಿಲ್ಲ. ಎಪ್ಪತ್ತರ ಪಿಂಚಣಿದಾರರಿಗೂ ಹದಿನೇಳರ ಹುಡುಗನಿಗೂ ಅದೇ ಕಣ್ಣು ಮಿಟುಕಿಸುವ ಮುಖ.

ಎಲ್ಲಕ್ಕಿಂತ ಸಿಟ್ಟು ಬರುವುದು ಇದಕ್ಕೆ: ಈ ನಗು ಬರುವ ಮೂಲಕ್ಕೆ ನಾವು ತಿರುಗಿ ನಗಲಾರೆವು, ಬೈಯಲೂ ಆಗದು. ಕಂಪನಿಗಳ ಎಸ್ಸೆಮ್ಮೆಸ್ ಬರುವುದು ಇಂಗ್ಲಿಷ್ ಅಕ್ಷರಗಳ ಗುಂಪೊಂದರ ಹೆಸರಿನಲ್ಲಿ. ಅದಕ್ಕೆ ಉತ್ತರ ಕಳಿಸಲು ಬರುವುದಿಲ್ಲ. ಇಮೇಲ್ ಬರುವ ವಿಳಾಸದಲ್ಲೇ ‘ನೋ ರಿಪ್ಲೈ’ ಎಂದು ಬರೆದಿರುತ್ತದೆ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡು ಕಿಟಕಿಯಲ್ಲಿ ಕೈ ಮುಗಿಯುವುದನ್ನು ಯಾವ ಊರಿನಲ್ಲಿ ವಿನಯ ಎನ್ನುತ್ತಾರೆ?

ಅಂಕಿ-ಅಂಶದ ಮಾತನ್ನು ಬೇಗ ಮುಗಿಸಬಹುದು. ವಿಷಯದ ಸಾಲಿನಲ್ಲಿ ಎಮೋಜಿ ಇದ್ದರೆ ಹೆಚ್ಚು ಜನ ಇಮೇಲ್ ತೆರೆಯುತ್ತಾರೆ ಎನ್ನುವವರಲ್ಲಿ ಹೆಚ್ಚಿನವರು ಇಮೇಲ್ ಕಳಿಸುವ ಸೇವೆಯನ್ನೇ ಮಾರುವವರು. ತೆರೆದರೋ ಇಲ್ಲವೋ ಎಂದು ಅಳೆಯುವುದು ಪತ್ರದೊಳಗೆ ಬಚ್ಚಿಟ್ಟ, ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರದಿಂದ. ಆ ಚಿತ್ರ ಇಳಿದರೆ ‘ತೆರೆದರು’ ಎಂದು ಲೆಕ್ಕ. ಆಪಲ್ 2021ರಲ್ಲಿ ತನ್ನ ಮೇಲ್ ಆ್ಯಪಿಗೆ ತಂದ ಗೋಪ್ಯತೆಯ ಏರ್ಪಾಟು, ಓದುಗ ಪತ್ರವನ್ನು ಮುಟ್ಟದಿದ್ದರೂ ಆ ಚಿತ್ರವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಳತೆಗೋಲೇ ಮುರಿದಿದೆ, ಆದರೂ ಅಳತೆ ನಿಂತಿಲ್ಲ. ಅಳತೆ ನಿಜವೇ ಆದಾಗ ಏನಾಗುತ್ತದೆ ಎಂಬುದಕ್ಕೆ ಫೇಸ್‌ಬುಕ್ ಸಾಕ್ಷಿ. 2016ರಲ್ಲಿ ಅದು ಲೈಕಿನ ಜೊತೆಗೆ ಹೃದಯ, ನಗು, ಅಚ್ಚರಿ, ಅಳು, ಸಿಟ್ಟಿನ ಮುಖಗಳನ್ನು ತಂದಿತು. ಜನ ಭಾವನೆ ಹಂಚಿಕೊಳ್ಳಲಿ ಎಂದಲ್ಲವೇ? 2021ರಲ್ಲಿ ಸೋರಿಕೆಯಾದ ಕಡತಗಳು ಬೇರೆ ಕತೆ ಹೇಳಿದವು: 2017ರಿಂದ ಅದರ ಲೆಕ್ಕಾಚಾರದಲ್ಲಿ ಈ ಮುಖಗಳಿಗೆ ಲೈಕಿನ ಐದು ಪಟ್ಟು ತೂಕವಿತ್ತು, ಸಿಟ್ಟಿನ ಮುಖಕ್ಕೂ ಸೇರಿ. ಸಿಟ್ಟು ತರಿಸುವ ಬರಹ ಹೆಚ್ಚು ಜನರ ಮುಂದೆ ಬಂತು. ಅಂಥವುಗಳಲ್ಲಿ ಸುಳ್ಳು ಮತ್ತು ವಿಷ ಹೆಚ್ಚೆಂದು ಕಂಪನಿಯ ಒಳಗಿನವರೇ ಎಚ್ಚರಿಸಿದ ಮೇಲೆ, 2020ರಲ್ಲಿ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದರು. ನಾವು ಒತ್ತಿದ್ದು ನಮ್ಮ ಭಾವ ಎಂದು. ಅವರು ಎಣಿಸಿದ್ದು ತಮ್ಮ ಸರಕೆಂದು.

ಈಗ ನನಗೆ ನಿಜಕ್ಕೂ ಹೇಳಬೇಕಾದದ್ದು. ಕರ್ನಾಟಕದಲ್ಲಿ ವ್ಯವಹಾರ ಮಾಡುವ ದೊಡ್ಡ ಕಂಪನಿಗಳಿಗೆ ಎಮೋಜಿ ಕನ್ನಡದ ಬದಲಿಯಾಗಿದೆ. ಕನ್ನಡದಲ್ಲಿ ಯಾಕೆ ಸಂದೇಶ ಕಳಿಸುವುದಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ವೆಚ್ಚದ್ದು. ಅದರಲ್ಲಿ ತಾಂತ್ರಿಕ ಸತ್ಯವೂ ಇದೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ 70. ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲ ಬೇರೆಬೇರೆ ಎಣಿಕೆ: ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಆರು ಮನೆ ಬೇಕು. ಹಾಗಾಗಿ ಒಂದರಲ್ಲಿ ಮುಗಿಯುವುದು ಎರಡು ಮೂರಾಗುತ್ತದೆ, ನಿಜ. ಆದರೆ ಅದೇ ಇಂಗ್ಲಿಷ್ ಸಂದೇಶಕ್ಕೆ ಒಂದೇ ಒಂದು ನಗುಮುಖ ಸೇರಿಸಿ ನೋಡಿ. ಇಡೀ ಸಂದೇಶ ಅದೇ 70ರ ಮಿತಿಗೆ ಇಳಿಯುತ್ತದೆ, ನಗುಮುಖ ತಾನೊಂದೇ ಎರಡು ಮನೆ ತಿನ್ನುತ್ತದೆ. ಕನ್ನಡಕ್ಕೆ ದುಬಾರಿ ಎನ್ನುವ ದರವೇ ನಗುವಿಗೂ. ಇನ್ನು ವಾಟ್ಸ್ಆ್ಯಪ್, ಇಮೇಲ್, ಆ್ಯಪಿನ ಸೂಚನೆಗಳಲ್ಲಿ ಈ ಲೆಕ್ಕವೇ ಇಲ್ಲ. ಅಲ್ಲಿಯೂ ಕನ್ನಡವಿಲ್ಲ, ಎಮೋಜಿ ಇದೆ. ನವೆಂಬರ್ ಬಂತೆಂದರೆ ಇಂಗ್ಲಿಷ್ ಒಕ್ಕಣೆಯ ಕೊನೆಗೆ ಹಳದಿ ಹೃದಯ, ಕೆಂಪು ಹೃದಯ ಅಕ್ಕಪಕ್ಕ ಅಂಟಿಸಿ ರಾಜ್ಯೋತ್ಸವ ಮುಗಿಸುತ್ತಾರೆ. ಅಂಗಡಿಯ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ನಾವು 2024ರಲ್ಲಿ ಕಾನೂನು ತಿದ್ದಿಕೊಂಡೆವು. ಅಂಗಡಿ ಅಷ್ಟರಲ್ಲಾಗಲೇ ಬೀದಿಯಿಂದ ಜೇಬಿಗೆ ಸ್ಥಳಾಂತರವಾಗಿತ್ತು. ಜೇಬಿನ ಅಂಗಡಿಯ ಫಲಕದಲ್ಲಿ ಇರುವುದು ಇಂಗ್ಲಿಷು ಮತ್ತು ಹೃದಯ.

ಓದು ಬಾರದವರಿಗಾಗಿ ಎಮೋಜಿ ಎನ್ನುವವರು ಇದಕ್ಕೆ ಉತ್ತರ ಹೇಳಲಿ. ಬೀದರಿನ ಒಬ್ಬ ತಾಯಿಗೆ ಇಂಗ್ಲಿಷ್ ಬಾರದು, ಕನ್ನಡ ಓದಲು ಬರುತ್ತದೆ. ಅವಳ ಖಾತೆಯಿಂದ ದಂಡದ ಹಣ ಕಡಿದುಕೊಂಡ ಸಂದೇಶದಲ್ಲಿ ಕೈ ಮುಗಿದ ಚಿತ್ರವನ್ನಷ್ಟೇ ಅವಳು ಓದಬಲ್ಲಳು. ಅದರಿಂದ ಅವಳಿಗೆ ತಿಳಿಯುವುದೇನು? ಯಾರೋ ನಮಸ್ಕಾರ ಹೇಳಿದ್ದಾರೆ ಎಂದು. ಹಣ ಹೋದದ್ದು ತಿಳಿಯುವುದಿಲ್ಲ. ಕಣ್ಣು ಕಾಣದವರಿಗೋ ಇನ್ನೊಂದು ಶಿಕ್ಷೆ: ಪರದೆ ಓದುವ ತಂತ್ರಾಂಶ ಪ್ರತಿ ಎಮೋಜಿಯ ಹೆಸರನ್ನೂ ಗಟ್ಟಿಯಾಗಿ ಹೇಳುತ್ತದೆ. ವಾಕ್ಯದ ನಡುನಡುವೆ ಬೆಂಕಿ, ರಾಕೆಟ್, ಚಪ್ಪಾಳೆ ತುರುಕಿದ ಜಾಹೀರಾತನ್ನು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆಂದು ಅದನ್ನು ಬರೆದ ಹುಡುಗ ಒಮ್ಮೆ ಕಿವಿಗೊಟ್ಟು ಕೇಳಬೇಕು.

ಜೊತೆಗೆ ಈ ‘ಜಗತ್ತಿನ ಭಾಷೆ’ಯ ಅಕ್ಷರಮಾಲೆಯನ್ನು ತೀರ್ಮಾನಿಸುವವರು ಯಾರು ಎಂಬುದೂ ಗೊತ್ತಿರಲಿ. ಕ್ಯಾಲಿಫೋರ್ನಿಯದ ಯುನಿಕೋಡ್ ಒಕ್ಕೂಟ. ಪೂರ್ಣ ಮತದ ಸದಸ್ಯತ್ವಕ್ಕೆ ಶುಲ್ಕವಿದೆ. ಆ ಪಟ್ಟಿಯಲ್ಲಿ ಆಪಲ್, ಗೂಗಲ್, ಮೆಟಾ, ಮೈಕ್ರೋಸಾಫ್ಟ್ ಇವೆ. ಸೀರೆ ಮತ್ತು ಆಟೋರಿಕ್ಷಾ ಅಲ್ಲಿ ಸೇರಿದ್ದು 2019ರಲ್ಲಿ. ಇಡ್ಲಿ, ದೋಸೆ ಇನ್ನೂ ಇಲ್ಲ, ಅದರಿಂದ ನನಗೇನೂ ನಷ್ಟವಿಲ್ಲ. ಆದರೆ ಇದೇ ಯುನಿಕೋಡಿನಲ್ಲಿ ನಗುವ ಸಗಣಿಯ ರಾಶಿಗೆ 2010ರಲ್ಲೇ ಜಾಗ ಸಿಕ್ಕಿತು, ಶತಮಾನಗಳ ತಾಳೆಗರಿಗಳಲ್ಲಿ ಬರೆದಿಟ್ಟ ತುಳು-ತಿಗಳಾರಿ ಲಿಪಿಗೆ ಸಿಕ್ಕಿದ್ದು 2024ರಲ್ಲಿ. ಒಂದು ಇನ್ನೊಂದನ್ನು ತಡೆಯಿತು ಎಂದು ನಾನು ಹೇಳುತ್ತಿಲ್ಲ. ಲಿಪಿಗೆ ಬೇಕಾದ ಅಧ್ಯಯನ ಬೇರೆ, ಅದರ ತಕರಾರುಗಳೂ ಬೇರೆ. ಯಾವುದರ ಹಿಂದೆ ಮಾರುಕಟ್ಟೆಯ ಅವಸರವಿತ್ತು ಎಂಬುದನ್ನು ಮಾತ್ರ ಈ ಎರಡು ಇಸವಿಗಳು ಮುಚ್ಚಿಡುವುದಿಲ್ಲ.

ಮಾರ್ಕೆಟಿಂಗ್ ಕಚೇರಿಗಳಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಂದೇಶ ಬರೆಯುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮ ಮೇಲಿನವರು ಎಮೋಜಿ ಕೇಳಿದಾಗ ಒಂದು ಕನ್ನಡ ವಾಕ್ಯ ಬರೆದು ತೋರಿಸಿ. ಮೊತ್ತ ಎಷ್ಟು, ಯಾವ ದಿನ, ತಪ್ಪಿದರೆ ಏನು, ಯಾರಿಗೆ ಫೋನು ಮಾಡಬೇಕು ಎಂಬಷ್ಟೇ ಇರಲಿ. ಓದುಗರೇ, ನೀವು ನಿಮ್ಮ ಬ್ಯಾಂಕಿನ ಶಾಖೆಗೆ, ವಿಮೆಯವರಿಗೆ, ಗ್ಯಾಸಿನವರಿಗೆ ಲಿಖಿತವಾಗಿ ಕೇಳಿ: ಸಂದೇಶ ಕನ್ನಡದಲ್ಲಿ ಬೇಕು, ಉತ್ತರ ಕೊಡಬಹುದಾದ ನಂಬರಿನಿಂದ ಬೇಕು. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಎತ್ತಿದ ಹೆಬ್ಬೆರಳನ್ನು ಸ್ವೀಕೃತಿ ಎಂದು ಒಪ್ಪಬೇಡಿ.